ಒದ್ದೆ ಚೆಂಡಿನ ಸುದ್ದಿ

ಏಪ್ರಿಲ್ ಬಂತೆಂದರೆ ನಮ್ಮ ಕಸುಬಿನವರ ಬಾಯಿಂದ ನಿಜ ಹೊರಡುವುದು ನಿಂತುಹೋಗುತ್ತದೆ. ತಿಂಗಳ ಕೊನೆಗೆ ಡ್ರಾಫ್ಟ್. ಕಾಲೇಜುಗಳಲ್ಲಿ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಎಸೆದಾಡುವ ಅಮೆರಿಕದ ಫುಟ್‌ಬಾಲ್, ಆಡಿ ಮುಗಿಸಿದ ಹುಡುಗರನ್ನು ದೇಶದ ವೃತ್ತಿಪರ ತಂಡಗಳು ಸುತ್ತು ಸುತ್ತಾಗಿ, ಸರದಿಯ ಮೇಲೆ ಆರಿಸಿಕೊಳ್ಳುವ ಹೊತ್ತು. ನಾವು ಕಣ್ಣಿಟ್ಟವನನ್ನು ನಮಗಿಂತ ಮುಂಚೆ ಸರದಿ ಬಂದವರು ಎತ್ತಿಕೊಂಡರೆ ವರ್ಷವಿಡೀ ಪಟ್ಟ ಪಾಡು ಮಣ್ಣುಪಾಲು. ಅದಕ್ಕೇ ಮೆಚ್ಚಿದವನನ್ನು ಬೈಯುವುದು, ಒಲ್ಲದವನನ್ನು ಹೊಗಳುವುದು. ಹುಡುಗರು ಚೆಂಡೆಸೆದು ತೋರಿಸುವ ದಿನ ಮೈದಾನದ ಬದಿಯಲ್ಲಿ ನಿಂತ ನಮ್ಮವರನ್ನು ನೋಡಬೇಕು. ಯಾವನ ಮೇಲೆ ಆಸೆಯೋ ಅವನಿಗೆ ಬೆನ್ನು ತಿರುಗಿಸಿ, ಮೂಲೆಯಲ್ಲಿ ಚೆಂಡು ಒದೆಯುತ್ತಿರುವ ಯಾವನೋ ಬಡಪಾಯಿಯನ್ನು ಎವೆಯಿಕ್ಕದೆ ನೋಡುತ್ತಿರುತ್ತಾರೆ. ಆ ಬಡಪಾಯಿ ತನ್ನ ಅದೃಷ್ಟ ಖುಲಾಯಿಸಿತೆಂದುಕೊಂಡು ಇನ್ನೂ ಜೋರಾಗಿ ಒದೆಯುತ್ತಾನೆ.

ನನ್ನ ಹೆಸರು ರೋಬರ್ಟಾ ಪಲಾಸ್ಕಿ, ಎಲ್ಲರೂ ಬರ್ಟಿ ಎನ್ನುತ್ತಾರೆ. ಸರೋವರದ ದಂಡೆಯ ನಮ್ಮ ತಂಡದಲ್ಲಿ ನನ್ನದು ಎರಡನೆಯ ಕಣ್ಣು. ಒಂದೊಂದು ಸೀಮೆಗೆ, ಆಟ ನೋಡಿ ಹುಡುಗರನ್ನು ಹುಡುಕುವ ಒಬ್ಬೊಬ್ಬ ಪರೀಕ್ಷಕನಿರುತ್ತಾನೆ. ಅವನು ಒಬ್ಬ ಹುಡುಗನನ್ನು ಮೆಚ್ಚಿದರೆ ನಾನು ಹೋಗಿ ನೋಡಿ ಹೌದೋ ಅಲ್ಲವೋ ಹೇಳಬೇಕು. ಹೆಚ್ಚಾಗಿ ಅಲ್ಲ ಎಂದೇ ಹೇಳುತ್ತೇನೆ. ಅದರಿಂದ ಸ್ನೇಹಿತರು ಕಡಿಮೆ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ದಕ್ಷಿಣದ ಸೀಮೆ ರೂಫಸ್ ಗ್ಯಾಸ್ಕಿನ್‌ನದು. ಅಲಬಾಮಾದವನು. ಹೊಟ್ಟೆ ಮುಂದಕ್ಕೆ ಬಂದಿದೆ, ಮಂಡಿಗಳು ಹೋಗಿವೆ, ಬಾಯಿ ಮಾತ್ರ ಇನ್ನೂ ಗಟ್ಟಿ. ಅವನು ತೋರಿಸಿದ, ಎದುರಾಳಿಯನ್ನು ಕೆಡವುವ ದಾಂಡಿಗರನ್ನು, ಓಟಗಾರರನ್ನು, ಒದೆಯುವವರನ್ನು ನಮ್ಮ ತಂಡ ಆರಿಸಿಕೊಂಡಿದೆ. ಕ್ವಾರ್ಟರ್‌ಬ್ಯಾಕ್‌ನನ್ನು ಮಾತ್ರ ಒಮ್ಮೆಯೂ ಇಲ್ಲ. ಚೆಂಡು ಕೈಗೆ ಬಂದ ಕೂಡಲೇ ಯಾರಿಗೆ, ಎಲ್ಲಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನು ಸರಿಯಿದ್ದರೆ ಅದು ತಂಡ, ಇಲ್ಲದಿದ್ದರೆ ಮೈಮೇಲೆ ಬಿದ್ದು ಗುದ್ದಾಡುವ ಗುಂಪು. ನಮ್ಮಲ್ಲಿ ಒಬ್ಬ ಪರೀಕ್ಷಕ ಕೆಲಸ ಬಿಟ್ಟು ಹೋದ ಮೇಲೆ ಜನ ಕೇಳುವುದು ಒಂದೇ, ಅವನು ಯಾವ ಕ್ವಾರ್ಟರ್‌ಬ್ಯಾಕ್‌ನನ್ನು ಹುಡುಕಿಕೊಟ್ಟ ಎಂದು. ರೂಫಸ್ ಈ ಬೇಸಿಗೆಗೆ ನಿವೃತ್ತನಾಗುವವನು. ಆ ಒಂದು ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಒಳಗೊಳಗೇ ಎಂದೆ, ಆದರೆ ಅವನು ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಲೂ ಇದ್ದ.

ಕೊನೆಗೂ ಅವನಿಗೆ ಒಬ್ಬ ಸಿಕ್ಕಿದ. ಲೂಸಿಯಾನದ ಒಂದು ಚಿಕ್ಕ ಕಾಲೇಜಿನ ಲಿಯಾಂಡರ್ ಬ್ರೂಸಾರ್. ರೂಫಸ್ ಎಷ್ಟು ಕುಣಿದಾಡಿದನೆಂದರೆ ನಾನು ಅವನ ಸಂಭ್ರಮ ಹಾಳು ಮಾಡಲೆಂದೇ ನೋಡಲು ಹೋದೆ. ಹುಡುಗನ ಕೈ ಚಿಕ್ಕದು. ಕ್ವಾರ್ಟರ್‌ಬ್ಯಾಕ್‌ಗಳ ಗೇಣು ಅಳೆಯುವುದು ನಮ್ಮಲ್ಲಿ ಜಾತಕ ನೋಡುವಷ್ಟು ಗಂಭೀರವಾದ ಕೆಲಸ. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಒಂಬತ್ತು ಅಂಗುಲವಾದರೂ ಬರಬೇಕು. ಅವನದು ಕೂದಲೆಳೆಯಷ್ಟು ಕಡಿಮೆ. ಆದರೆ ಆಟ ಶುರುವಾದ ಮೇಲೆ ನಾನು ಅವನ ಕೈಯನ್ನು ಮರೆತೆ. ಓಡುತ್ತಿರುವ ಜೊತೆಗಾರನಿಗೆ ಅವನು ಚೆಂಡು ಎಸೆಯುತ್ತಲೇ ಇರಲಿಲ್ಲ. ಬರಿದಾದ ಜಾಗಕ್ಕೆ ಎಸೆಯುತ್ತಿದ್ದ, ಜೊತೆಗಾರ ತಿರುಗುವಷ್ಟರಲ್ಲಿ ಚೆಂಡು ಅಲ್ಲಿರುತ್ತಿತ್ತು. ಎದುರಾಳಿ ದಾಂಡಿಗ ಬಂದು ಕೆಡವಿದರೆ, ಬಿದ್ದಲ್ಲಿಂದಲೇ ಕತ್ತೆತ್ತಿ ಚೆಂಡು ಸೇರಿತೋ ಇಲ್ಲವೋ ನೋಡಿ ಹಲ್ಲು ಕಿರಿಯುತ್ತಿದ್ದ.

ಕಾರಿನಲ್ಲಿ ಕುಳಿತ ಮೇಲೆ ರೂಫಸ್ ತಡೆಯಲಾರದೆ ಕೇಳಿದ. "ಏನಂತೀಯ?"

"ಪರವಾಗಿಲ್ಲ."

"ಬರ್ಟಿ, ನಿನ್ ಬಾಯಲ್ಲಿ ಪರವಾಗಿಲ್ಲ ಅಂತ ಬಂತು ಅಂದ್ರೆ ನಾನು ಮನೆಗ್ ಹೋಗಿ ಕೇಕ್ ಕತ್ತರಿಸಬೇಕು."

"ಕೈ ಚಿಕ್ಕದು."

"ನಿನ್ ಮನಸ್ಸಿಗಿಂತ ದೊಡ್ಡದೇ ಇದೆ ಬಿಡು."

ಹೀಗೆ ಲಿಯಾಂಡರ್‌ನ ಹೆಸರಿನ ಬಿಲ್ಲೆ ನಮ್ಮ ಕಚೇರಿಯ ಗೋಡೆಯ ಮೇಲೇರಿತು. ಯಾರನ್ನು ಯಾವ ಸುತ್ತಿನಲ್ಲಿ ಆರಿಸಬಹುದು ಎಂದು ಆ ಗೋಡೆಯ ಮೇಲೆ ಬಿಲ್ಲೆಗಳನ್ನು ಜೋಡಿಸಿಡುತ್ತೇವೆ. ಅವನದು ಮೂರನೆಯ ಸುತ್ತಿನ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಕುಳಿತಿತ್ತು. ದಿನಾ ಬೆಳಿಗ್ಗೆ ಒಳಗೆ ಬಂದ ರೂಫಸ್ ಮೊದಲು ಅದನ್ನೊಮ್ಮೆ ಮುಟ್ಟಿ ಆಮೇಲೆ ಕಾಫಿಗೆ ಹೋಗುತ್ತಿದ್ದ.

ಡ್ರಾಫ್ಟಿಗೆ ಇನ್ನೇನು ಒಂದು ವಾರವಿದೆ ಎನ್ನುವಾಗ ಬೆಳಗಿನ ಸಭೆಯಲ್ಲಿ ನಮ್ಮ ಮುಖ್ಯಸ್ಥ ಗಸ್ ಹಾಲ್ವರ್ಸನ್ ಎದ್ದು ಹೋಗಿ ಆ ಬಿಲ್ಲೆಯನ್ನು ಕಿತ್ತು, ಬೇಡವಾದವರ ಗೋಡೆಗೆ ಅಂಟಿಸಿದ. ಗಸ್ ಉತ್ತರದವನು, ಮಾತು ಕಡಿಮೆ. ನಗಬೇಕಾದರೂ ತಂಡದ ಮಾಲೀಕರ ಅನುಮತಿ ಬೇಕೇನೋ ಎಂಬಂಥ ಮುಖ.

"ಈ ಹುಡುಗ ಬೇಡ," ಎಂದ. "ಒದ್ದೆ ಚೆಂಡು ಇವನ ಕೈಲಿ ನಿಲ್ಲಲ್ವಂತೆ. ನಮ್ಮೂರಲ್ಲಿ ನವೆಂಬರ್ ಆದ್ಮೇಲೆ ಚೆಂಡು ಒಣಗಿರೋದೇ ಇಲ್ಲ. ಮೂರನೇ ಸುತ್ತು ಇವನ ಮೇಲೆ ಹಾಕೋಕಾಗಲ್ಲ."

"ಯಾರು ಹೇಳಿದ್ದು?" ಎಂದು ನಾನು ಕೇಳಿದೆ.

"ಒಬ್ರಲ್ಲ, ಮೂರು ಜನ. ಮೂರು ಬೇರೆ ಬೇರೆ ಕಡೆಯಿಂದ. ಟೆಕ್ಸಸ್‌ನ ತರಬೇತುದಾರರೊಬ್ರು ಹೇಳಿದ್ರು. ರೇಡಿಯೋದವನೊಬ್ಬ ಹೇಳ್ದ. ಮೂರನೆಯವಳು ನೀನೇ."

ಹೌದು, ಹೇಳಿದ್ದೆ. ಅಟ್ಲಾಂಟಾದ ವಿಮಾನ ನಿಲ್ದಾಣದಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದಿತ್ತು. ಕೇಳಿದ್ದನ್ನು ಮುಖ್ಯಸ್ಥನಿಗೆ ತಲುಪಿಸುವುದು ನನ್ನ ಕೆಲಸ, ತಲುಪಿಸಿದ್ದೆ. ನಂಬಿರಲಿಲ್ಲ. ಆದರೆ ಇನ್ನಿಬ್ಬರೂ ಅದನ್ನೇ ಹೇಳಿದ್ದಾರೆಂದ ಮೇಲೆ ನನಗೂ ನಂಬಿಕೆ ಬಂದುಬಿಟ್ಟಿತು.

"ನರದ ತೊಂದರೆಯಂತೆ," ಎಂದು ಗಸ್ ಮುಂದುವರಿಸಿದ. "ಡಾಕ್ಟರಿಗೂ ತೋರಿಸಿದಾನಂತೆ."

ನಾನು ರೂಫಸ್‌ನ ಕಡೆ ನೋಡಿದೆ. ಅವನು ಇಷ್ಟು ಹೊತ್ತಿಗೆ ಮೇಜು ಗುದ್ದಿ ಎದ್ದು ನಿಲ್ಲಬೇಕಿತ್ತು. ಅದರ ಬದಲು ತನ್ನ ಬೂಟುಗಳನ್ನು ನೋಡುತ್ತ ಕುಳಿತಿದ್ದ. ಮುಖ ಸುಣ್ಣ ಬಳಿದಂತಾಗಿತ್ತು. ಸಭೆ ಮುಗಿದ ಕೂಡಲೇ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಏನು, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ? ನಿನ್ ಹುಡುಗ ಅಲ್ವಾ ಅವನು?"

"ಆ ಸುದ್ದಿ ನಂದು," ಎಂದ.

"ಅಂದ್ರೆ?"

"ಅಂದ್ರೆ ನಾನೇ ಹುಟ್ಟಿಸಿದ್ದು ಮಾರಾಯ್ತಿ. ಹೋದ ತಿಂಗಳು ಬೆಳಗಿನ ತಿಂಡಿಗೆ ಕೂತಿದ್ದಾಗ ಆಚೆ ದಂಡೆಯ ವೆಂಡೆಲ್ ಬಂದು ಎದುರಿಗೆ ಕೂತ."

ವೆಂಡೆಲ್ ಕ್ರೂಪಾ ಸರೋವರದ ಆಚೆ ದಂಡೆಯ ತಂಡದ ಪರೀಕ್ಷಕ. ಅವರಿಗೂ ನಮಗೂ ಹಾವು ಮುಂಗುಸಿ ಸಂಬಂಧ. ಸಾಲದ್ದಕ್ಕೆ ಈ ಸಲ ಪ್ರತಿ ಸುತ್ತಿನಲ್ಲೂ ಅವರ ಸರದಿ ನಮಗಿಂತ ಮುಂಚೆ.

"ಅವನು ಎಲ್ಲಾ ಹುಡುಗರ ಬಗ್ಗೆ ಮಾತಾಡ್ದ, ಲಿಯಾಂಡರ್ ಬಗ್ಗೆ ಮಾತ್ರ ಕೇಳ್ಲಿಲ್ಲ," ಎಂದ ರೂಫಸ್. "ಕೇಳ್ಲಿಲ್ಲ ಅಂದ್ರೇನೇ ಗೊತ್ತಾಯ್ತು ಕಣ್ ಹಾಕಿದಾನೆ ಅಂತ. ಅವರೂರಲ್ಲಿ ಬರೀ ಮಳೆ, ಹಿಮ. ಅದಕ್ಕೇ, ಪಾಪ ಆ ಹುಡುಗನ ಕೈಲಿ ಒದ್ದೆ ಚೆಂಡು ನಿಲ್ಲಲ್ಲ ಅಂದೆ."

"ಯಾಕೆ, ನಮ್ಮೂರಲ್ಲಿ ಬಾಳೆಗಿಡ ಬೆಳೀತದಾ?"

"ಅದು ಆಮೇಲೆ ಹೊಳೀತು."

"ನರದ ತೊಂದರೆ?"

"ಅದು ನಂದಲ್ಲ ದೇವರಾಣೆ. ದಾರೀಲಿ ಯಾರೋ ಸೇರಿಸಿದಾರೆ."

ಸಿಟ್ಟೂ ಬಂತು, ನಗೆಯೂ ಬಂತು. ಒಂದೇ ಬಾಯಿಂದ ಹೊರಟ ಸುಳ್ಳು ಊರು ಸುತ್ತಿ, ಮೂರು ದಾರಿಯಲ್ಲಿ ಮನೆಗೆ ಮರಳಿ, ಮೂರು ಸಾಕ್ಷಿಯಾಗಿ ನಿಂತಿತ್ತು. ಅದರಲ್ಲಿ ಒಂದು ಸಾಕ್ಷಿ ನಾನು. ಇಂಥ ದಡ್ಡತನ ಬೇರೆ ಯಾವ ಕಸುಬಿನವರಿಗೂ ಸಾಧ್ಯವಿಲ್ಲ.

ಇಬ್ಬರೂ ಗಸ್‌ನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವನು ಪೂರ್ತಿ ಕೇಳಿಸಿಕೊಂಡ.

"ರೂಫಸ್, ಬೈದಿದ್ದು ಸುಳ್ಳು, ಹೊಗಳಿದ್ದು ನಿಜ ಅಂತೀಯ. ಎರಡೂ ಒಂದೇ ಬಾಯಿ ಆಡಿದ್ದು. ನಾನು ಯಾವುದನ್ನ ನಂಬಲಿ?"

"ಹೊಗಳಿದ್ದನ್ನ."

"ಸರಿ. ಅವನು ಒದ್ದೆ ಚೆಂಡು ಎಸೆಯೋದನ್ನ ನೀನು ನೋಡಿದೀಯಾ?"

ರೂಫಸ್ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಹುಡುಗನ ಕಾಲೇಜಿನ ಆಟಗಳಲ್ಲಿ ಮಳೆ ಬಂದದ್ದು ಒಂದೇ ಸಲ. ಆ ದಿನ ಅವನು ಕಾಲು ಉಳುಕಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಅವರ ಕೋಚ್‌ನನ್ನು ಕೇಳಿ ಪ್ರಯೋಜನವಿಲ್ಲ. ತನ್ನ ಹುಡುಗ ನೀರಿನೊಳಗೆ ನಿಂತು ಎಸೆಯುತ್ತಾನೆ ಎಂದೇ ಯಾವ ಕೋಚಾದರೂ ಹೇಳುತ್ತಾನೆ.

"ಮಳೆ ಬಂದ ದಿನಾನೇ ಯಾಕೆ ಕಾಲು ಉಳುಕ್ತು?" ಎಂದ ಗಸ್.

ಹುಡುಗರನ್ನು ಅವರ ಊರಿಗೆ ಹೋಗಿ ನೋಡಲು ನಿಯಮದ ಪ್ರಕಾರ ಮರುದಿನವೇ ಕೊನೆಯ ದಿನ. "ಹೋಗಿ ನೋಡೋಣ ಬನ್ನಿ," ಎಂದು ನಾನು ಗಸ್‌ಗೆ ಹೇಳಿದೆ. "ನೀವೇ ಕಣ್ಣಾರೆ ನೋಡಿ. ನಿಲ್ಲದಿದ್ರೆ ಬಿಲ್ಲೆ ಅಲ್ಲೇ ಇರಲಿ." ಅವನು ಹೂಂ ಎಂದ.

ವಿಮಾನದಲ್ಲಿ ರೂಫಸ್ ನನ್ನ ಪಕ್ಕದಲ್ಲಿ ಕುಳಿತಿದ್ದ. ಕೊಟ್ಟ ಕಡಲೆಕಾಯಿಯನ್ನೂ ಮುಟ್ಟಲಿಲ್ಲ.

"ಬರ್ಟಿ, ನಿಜವಾಗ್ಲೂ ನಿಲ್ಲದೇ ಹೋದ್ರೆ?" ಎಂದ.

"ಏನು?"

"ಚೆಂಡು. ನಾನು ಬಾಯಿಗ್ ಬಂದಿದ್ದು ಹೇಳ್ಬಿಟ್ಟೆ. ಅದೇ ನಿಜ ಆಗ್ಬಿಟ್ರೆ?"

ತಾನೇ ಹೊಸೆದ ಸುಳ್ಳನ್ನು ತಾನೇ ನಂಬಲು ಶುರುಮಾಡಿದ್ದ. ಬೈಯೋಣವೆಂದುಕೊಂಡೆ. ಆದರೆ ಅವನ ಮುಖ ನೋಡಿ ಅಯ್ಯೋ ಅನ್ನಿಸಿತು. ಇಷ್ಟು ಕಾಲ ಕಾದು ಸಿಕ್ಕಿದ ಒಬ್ಬ ಹುಡುಗ, ಅವನನ್ನೂ ತಾನೇ ಕೈಯಾರೆ ಹಾಳು ಮಾಡಿದೆನೋ ಎಂಬ ಭಯ. ನನ್ನ ಕಡಲೆಕಾಯಿಯನ್ನೂ ಅವನ ಮುಂದಿಟ್ಟೆ.

ಲಿಯಾಂಡರ್‌ನ ಮನೆಯ ಸುತ್ತ ನೀರು ನಿಂತ ಭತ್ತದ ಗದ್ದೆಗಳು. ಆ ಗದ್ದೆಗಳಲ್ಲೇ ಕ್ರಾಫಿಶ್ ಬೆಳೆಸುತ್ತಾರೆ, ಕೊಂಡಿಯಿರುವ ಕೆಂಪು ಸಿಗಡಿ. ಅದರ ಕಾಲವೂ ಡ್ರಾಫ್ಟಿನ ಕಾಲವೂ ಒಂದೇ. ನಾವು ಹೋದಾಗ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಖಾರದ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಚಿಕ್ಕಮ್ಮಂದಿರು, ದೊಡ್ಡಪ್ಪಂದಿರು, ಅವರ ಮಕ್ಕಳು, ಚರ್ಚಿನವರು ಎಲ್ಲ ಸೇರಿದ್ದರು. ಮೊಮ್ಮಗನನ್ನು ಸಾಕಿ ಬೆಳೆಸಿದ ಯೂಲಾ ಅಜ್ಜಿ ಕುರ್ಚಿ ಹಾಕಿಕೊಂಡು ಹಂಡೆಯ ಪಕ್ಕದಲ್ಲೇ ಕುಳಿತಿದ್ದಳು. ರೂಫಸ್‌ನನ್ನು ಕಂಡು ಮುಖ ಅರಳಿತು. ಅವನು ಚಳಿಗಾಲವೆಲ್ಲ ಅವಳ ಮನೆಯಲ್ಲಿ ಉಂಡವನು.

"ಬಾಪ್ಪಾ ರೂಫಸ್," ಎಂದಳು. "ಒಳ್ಳೇ ಹೊತ್ಗೆ ಬಂದೆ. ಯಾವನೋ ಹಾಳಾದೋನು ನನ್ ಮೊಮ್ಮಗನ್ ಕೈಗೆ ರೋಗ ಐತೆ ಅಂತ ದೇಸ್ವೆಲ್ಲ ಹಬ್ಬಿಸವ್ನೆ. ದಿನಾ ಫೋನ್ ಮಾಡ್ತಿದ್ದೋರೆಲ್ಲ ನಿಲ್ಸ್‌ಬುಟ್ರು. ಯಾರು ಅಂತ ನಿಂಗೇನಾರ ಗೊತ್ತಾ?"

ಸುಳ್ಳು ಹೇಳುವುದು ರೂಫಸ್‌ಗೆ ನೀರು ಕುಡಿದಷ್ಟು ಸಲೀಸು. ಹೇಳುತ್ತಾನೆಂದೇ ನಾನು ಕಾದೆ. ಅವನು ತಲೆಯ ಟೋಪಿ ತೆಗೆದ.

"ನಾನೇ ಯೂಲಾ ಅಮ್ಮ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಪ್ಪಾ? ನಾನ್ ಹಾಕಿದ್ದು ರುಚಿ ಇರ್ಲಿಲ್ವಾ?"

"ಅವನು ನಮಗೇ ಸಿಗ್ಲಿ ಅಂತ."

"ಬೇಕು ಅಂತ ಬೈದ್ಯಾ?"

"ಹೂಂ."

ಅವಳು ನನ್ನ ಕಡೆ ತಿರುಗಿದಳು. "ನಿಮ್ ಕೆಲ್ಸದಾಗೆ ತಲೆ ನೆಟ್ಟಗಿರೋರು ಯಾರಾರ ಅವ್ರಾ ಮಗ್ಳೆ?"

"ಇಲ್ಲ ಅಜ್ಜಿ," ಎಂದೆ. ಗಸ್ ಕೆಮ್ಮಿದ.

ನಾವು ಬಂದ ಕಾರಣವನ್ನು ಗಸ್ ಮೂರೇ ಮಾತಿನಲ್ಲಿ ಹೇಳಿದ. ಅಜ್ಜಿ ಒಂದು ಷರತ್ತು ಹಾಕಿದಳು. "ಎಸಿಲಿ. ಹಿಡಿಯೋನು ಮಾತ್ರ ಇವ್ನೇ ಆಗ್ಬೇಕು." ಬೆರಳು ರೂಫಸ್‌ನ ಹೊಟ್ಟೆಯ ಕಡೆಗಿತ್ತು. ಅಂಗಳವೆಲ್ಲ ಗೊಳ್ಳೆಂದಿತು.

ಲಿಯಾಂಡರ್ ಒಳಗೆ ಜೋಳದ ತೆನೆ ಮುರಿಯುತ್ತಿದ್ದವನು ಕೈ ತೊಳೆದುಕೊಂಡು ಬಂದ. ಉದ್ದನೆಯ ಹುಡುಗ, ಮಾತಿಗೆ ಮುಂಚೆ ನಗು. ಸುದ್ದಿ ಹುಟ್ಟಿಸಿದವನು ರೂಫಸ್ ಎಂದು ಯಾರೋ ಕಿವಿಯಲ್ಲಿ ಹೇಳಿದರು. ಅವನು ರೂಫಸ್‌ನ ಕಡೆ ಒಮ್ಮೆ ನೋಡಿದ. ಕ್ರಾಫಿಶ್ ತೊಳೆದ ತೊಟ್ಟಿಯಲ್ಲಿ ಗಸ್ ಚೆಂಡುಗಳನ್ನು ಮುಳುಗಿಸಿದ್ದ. ಹುಡುಗ ಒಂದನ್ನು ಎತ್ತಿದ. ನೀರು ಮೊಣಕೈವರೆಗೆ ಇಳಿಯಿತು. ರೂಫಸ್ ಹತ್ತು ಮಾರು ಕುಂಟುತ್ತ ಓಡಿ ತಿರುಗಿದ.

ಚೆಂಡು ಜಾರಿತು. ಲೊಳಕ್ಕನೆ ಕೈಯಿಂದ ಹಾರಿ, ಪಕ್ಕಕ್ಕೆ ಹೋಗಿ, ಆಲೂಗಡ್ಡೆ ಹೆಚ್ಚುತ್ತಿದ್ದ ಚಿಕ್ಕಮ್ಮನ ಮಡಿಲಲ್ಲಿ ಬಿತ್ತು.

ಯಾರೂ ನಗಲಿಲ್ಲ. ರೂಫಸ್ ಅಲ್ಲೇ ಮಂಡಿಯ ಮೇಲೆ ಕೈಯೂರಿ ನೆಲ ನೋಡಿದ. ಗಸ್‌ನ ಮುಖದಲ್ಲಿ ಏನೂ ಇರಲಿಲ್ಲ, ಎಂದಿನಂತೆ.

"ಜಾರ್ತು ಸರ್," ಎಂದ ಲಿಯಾಂಡರ್. ಅಷ್ಟೇ. ನೆಪ ಹೇಳಲಿಲ್ಲ, ಕೈ ಒರೆಸಿಕೊಳ್ಳಲಿಲ್ಲ. ತೊಟ್ಟಿಗೆ ಕೈ ಹಾಕಿ ಇನ್ನೊಂದು ಎತ್ತಿದ. ಅದನ್ನು ಒಂದು ಕ್ಷಣ ಅಂಗೈಯಲ್ಲಿ ತಿರುಗಿಸಿ, ಬೆರಳುಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. ಎಸೆದ.

ಅದು ನೇರ ಹೋಗಿ ರೂಫಸ್‌ನ ಎದೆಗೆ ಹೊಡೆಯಿತು. ಅವನು ಹಿಡಿದನೋ, ಚೆಂಡೇ ಅವನಿಗೆ ಅಂಟಿಕೊಂಡಿತೋ ಹೇಳಲಾರೆ. ಮುಂದಿನದು ಅವನಿಗಿಂತ ದೂರ. ಅದರ ಮುಂದಿನದು ಬೇಲಿಯ ಹತ್ತಿರ ಓಡುತ್ತಿದ್ದ ದೊಡ್ಡಪ್ಪನ ಮಗನಿಗೆ. ಗಸ್ ಮೆಲ್ಲಗೆ ತೊಟ್ಟಿಯ ಪಕ್ಕಕ್ಕೆ ಬಂದ. ಕೋಟು ಬಿಚ್ಚುವುದನ್ನೂ ಮರೆತು ತಾನೇ ತೋಳು ಮುಳುಗಿಸಿ, ನೀರು ಸೋರುವ ಚೆಂಡುಗಳನ್ನು ಒಂದರ ಹಿಂದೊಂದು ಹುಡುಗನ ಕೈಗೆ ತುರುಕತೊಡಗಿದ. ಬೇಗ, ಇನ್ನೂ ಬೇಗ. ಚಿಕ್ಕಮ್ಮಂದಿರೂ ಎದ್ದು ಓಡಿದರು. ಚರ್ಚಿನ ಹಾಡುಗಾರ್ತಿಯೊಬ್ಬಳು ಸೆರಗಿನಂತೆ ಏಪ್ರನ್ ಒಡ್ಡಿ ಒಂದನ್ನು ಹಿಡಿದಳು. ರೂಫಸ್ ಒಂದರ ಹಿಂದೆ ಹಾರಿ, ಕೆಸರಿನಲ್ಲಿ ಮುಗ್ಗರಿಸಿ ಬಿದ್ದು, ಬಿದ್ದಲ್ಲೇ ಚೆಂಡನ್ನು ತಬ್ಬಿಕೊಂಡು ನಕ್ಕ. ಅಷ್ಟು ಹೊತ್ತಿಗೆ ನಾನೂ ನಗುತ್ತಿದ್ದೆ.

"ಮೊದಲನೇದು ಯಾಕೆ ಜಾರ್ತು?" ಎಂದು ಗಸ್ ಕೇಳಿದ.

"ಒಣ ಚೆಂಡು ಹಿಡಿಯೋ ಹಾಗೇ ಹಿಡ್ದೆ ಸರ್. ಮಳೇಲಿ ಆಡಿ ಅಭ್ಯಾಸ ಇಲ್ಲ ನಂಗೆ."

"ಎರಡನೇದು?"

"ಬೇರೆ ತರ ಹಿಡ್ದೆ."

"ಯಾರು ಹೇಳ್ಕೊಟ್ರು?"

"ಮೊದಲನೇದು ಜಾರ್ತಲ್ಲ ಸರ್, ಅದೇ."

ನಾವು ವರ್ಷಗಟ್ಟಲೆ ಊರೂರು ಅಲೆಯುವುದು ಇಂಥವನಿಗಾಗಿ. ಎಡವದ ಹುಡುಗ ಎಲ್ಲೂ ಇಲ್ಲ. ಎಡವಿದ್ದನ್ನು ಮುಂದಿನ ಎಸೆತಕ್ಕೆ ಮುಂಚೆಯೇ ತಿದ್ದಿಕೊಳ್ಳುವವನು ಎಲ್ಲೋ ಒಬ್ಬ. ನನಗೆ ತುಂಬ ಸಂತೋಷವಾಗಿತ್ತು, ಅದನ್ನು ಮುಖದ ಮೇಲೆ ತೋರಿಸದಿರಲು ಒಂದು ಆಲೂಗಡ್ಡೆ ತೆಗೆದುಕೊಂಡು ಸುಲಿಯುತ್ತ ನಿಂತೆ.

ಆಗಲೇ ರಸ್ತೆಯಲ್ಲಿ ಕಾರು ನಿಂತು ವೆಂಡೆಲ್ ಕ್ರೂಪಾ ಇಳಿದ. ಅವನೂ ಕೊನೆಯ ದಿನಕ್ಕೇ ಕಾದಿದ್ದ. ರೂಫಸ್‌ನ ಸುದ್ದಿಯನ್ನು ಅವನು ಒಂದು ಕಾಳಷ್ಟೂ ನಂಬಿರಲಿಲ್ಲವಂತೆ. ಬೇರೆ ತಂಡದವರು ದೂರವಿರಲಿ ಎಂದು ಊರೆಲ್ಲ ಹಂಚಿದವನು ಮಾತ್ರ ಅವನೇ. ಬಹುಶಃ ನರದ ತೊಂದರೆಯೂ ಅವನ ಕೊಡುಗೆಯೇ.

ಗಸ್ ಕೂಡಲೇ ಹುಡುಗನಿಗೆ ಬೆನ್ನು ತಿರುಗಿಸಿ ಹಂಡೆಯೊಳಗೆ ಇಣುಕಿದ. "ಬಾ ವೆಂಡೆಲ್. ನಮಗಂತೂ ದಂಡ ಪ್ರಯಾಣ. ಚೆಂಡು ಜಾರ್ತು. ಕಣ್ಣಾರೆ ಕಂಡೆ."

ಯೂಲಾ ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. ಕೈಯಲ್ಲಿ ಸೌಟು ಇತ್ತು. ನಾನು ಓಡಿಹೋಗಿ ಅವಳ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ. "ಅಜ್ಜಿ, ಸಮಾಧಾನ. ಅವರು ಬೈತಾ ಇದಾರೆ."

ಅವಳು ನನ್ನನ್ನು ನೋಡಿದಳು. ಗಸ್‌ನನ್ನು ನೋಡಿದಳು. ಬಹಳ ಚುರುಕು ಹೆಂಗಸು. ಮೆಲ್ಲಗೆ ಕುಳಿತುಕೊಂಡು ನಿಟ್ಟುಸಿರು ಬಿಟ್ಟಳು. "ಏನ್ ಹೇಳದಪ್ಪಾ ವೆಂಡೆಲ್ಲು. ಚೆಂಡಿರ್ಲಿ, ಉಣ್ಣೋ ತಟ್ಟೆ ಬೀಳಿಸ್ತಾನೆ ನಮ್ ಹುಡ್ಗ."

"ಮೊನ್ನೆ ನಮ್ ಪಾಪೂನ ಎತ್ಕೊಳ್ತೀನಿ ಅಂದ," ಎಂದಳು ಆಲೂಗಡ್ಡೆಯ ಚಿಕ್ಕಮ್ಮ. "ನಾನು ಕೊಡ್ಲೇ ಇಲ್ಲ."

ವೆಂಡೆಲ್ ಎಲ್ಲರ ಮುಖ ನೋಡಿದ. ಕೆಸರು ಮೆತ್ತಿದ ರೂಫಸ್‌ನನ್ನೂ, ತೋಳು ಒದ್ದೆಯಾದ ಗಸ್‌ನನ್ನೂ ನೋಡಿದ. "ಹಂಗಾದ್ರೆ ನಂಗೂ ಒಂದು ಎಸೆದು ತೋರ್ಸು ಮಗಾ," ಎಂದು ಲಿಯಾಂಡರ್‌ಗೆ ಹೇಳಿದ.

ಲಿಯಾಂಡರ್ ತೊಟ್ಟಿಯಿಂದ ಚೆಂಡು ಎತ್ತಿಕೊಂಡು ನಿಂತ. ಬೆರಳು ಸಡಿಲಿಸಿದರೆ ಸಾಕಿತ್ತು. ವೆಂಡೆಲ್ ಹೊರಟುಹೋಗುತ್ತಿದ್ದ, ಮೂರನೆಯ ಸುತ್ತಿನಲ್ಲಿ ಹುಡುಗ ನಿಶ್ಚಿಂತೆಯಾಗಿ ನಮ್ಮ ಪಾಲಾಗುತ್ತಿದ್ದ. ರೂಫಸ್ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ, ಬೀಳಿಸು ಕಂದ, ಬೀಳಿಸು ಎಂದು. ಗಸ್ ಆಕಾಶ ನೋಡುತ್ತಿದ್ದ.

ಹುಡುಗ ಎಸೆದ. ಹಂಡೆಯ ಹಬೆಯ ಮೇಲಿಂದ, ಅಂಗಳ ದಾಟಿ, ಗೇಟಿನ ಹತ್ತಿರ ಬೆನ್ನು ಹಾಕಿ ಓಡುತ್ತಿದ್ದ ದೊಡ್ಡಪ್ಪನ ಮಗನ ಹೆಗಲ ಮೇಲಿಂದ ಚೆಂಡು ಇಳಿದು ಅವನ ಎರಡು ಕೈಗಳ ನಡುವೆ ಕೂತಿತು. ಆ ದಿನದ ಎಲ್ಲ ಎಸೆತಗಳಲ್ಲಿ ಅದೇ ಚೆಂದದ್ದು.

"ಕ್ಷಮಿಸಿ ಸರ್," ಎಂದು ಅವನು ಗಸ್‌ಗೆ ಮೆಲ್ಲಗೆ ಹೇಳಿದ. "ಬೇಕಂತ ಬೀಳಿಸೋಕೆ ಮನಸ್ಸು ಬರ್ಲಿಲ್ಲ."

ವೆಂಡೆಲ್ ಒಂದು ತಟ್ಟೆ ಕ್ರಾಫಿಶ್ ತಿಂದು, ಹುಡುಗನಲ್ಲಿ ಅಂಥಾದ್ದೇನೂ ಇಲ್ಲ ಎಂದು ನಮ್ಮೆಲ್ಲರಿಗೂ ಕೇಳಿಸುವಂತೆ ಹೇಳಿ ಹೊರಟ. ಅಂದರೆ ಮೆಚ್ಚಿದ್ದಾನೆ ಎಂದು ರೂಫಸ್ ತನ್ನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಮೂರನೆಯ ಸುತ್ತಿನಲ್ಲಿ ವೆಂಡೆಲ್‌ನವರ ಸರದಿ ಮೊದಲು. ಇನ್ನು ಉಳಿದಿದ್ದು ಒಂದೇ ದಾರಿ, ಎರಡನೆಯ ಸುತ್ತಿನಲ್ಲೇ ಹುಡುಗನನ್ನು ಎತ್ತಿಕೊಳ್ಳುವುದು. ಅಲ್ಲಿಯೂ ಅವರೇ ಮೊದಲು. ಜೊತೆಗೆ ಎರಡನೆಯ ಸುತ್ತನ್ನು ಗಸ್ ಎದುರಾಳಿಗಳನ್ನು ತಡೆದು ನಿಲ್ಲಿಸುವ ಒಬ್ಬ ದೊಡ್ಡ ರಕ್ಷಕನಿಗೆಂದು ಮೀಸಲಿಟ್ಟಿದ್ದ, ಅದು ಕಚೇರಿಯ ಕಾವಲುಗಾರನಿಗೂ ಗೊತ್ತಿದ್ದ ವಿಷಯ.

ಡ್ರಾಫ್ಟಿನ ಸಂಜೆ ನಾವೆಲ್ಲ ಗೋಡೆಯ ಮುಂದೆ ಕುಳಿತಿದ್ದೆವು. ಎರಡನೆಯ ಸುತ್ತು ನಡೆಯುತ್ತಿತ್ತು. ಲಿಯಾಂಡರ್‌ನ ಬಿಲ್ಲೆ ಬೇಡವಾದವರ ಗೋಡೆಯಲ್ಲಿ ಇರಲಿಲ್ಲ, ಬೇಕಾದವರ ಗೋಡೆಯಲ್ಲೂ ಇರಲಿಲ್ಲ. ಅದು ಎಲ್ಲಿದೆ ಎಂದು ಗಸ್‌ನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಚೆ ದಂಡೆಯವರ ಸರದಿ ಬಂದಾಗ ರೂಫಸ್ ಎದ್ದು ಹೋಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ. ಅವರು ನೆಬ್ರಾಸ್ಕಾದ ಒಬ್ಬ ದಾಂಡಿಗನ ಹೆಸರು ಹೇಳಿದರು. ನಮ್ಮ ಎರಡನೆಯ ಸುತ್ತು ರಕ್ಷಕನಿಗೇ ಎಂದುಕೊಂಡು ವೆಂಡೆಲ್ ಮೂರನೆಯ ಸುತ್ತಿಗೆ ಕಾಯುತ್ತಿದ್ದ.

ನಮ್ಮ ಸರದಿ. ರಕ್ಷಕನ ಬಿಲ್ಲೆ ಎಲ್ಲಕ್ಕಿಂತ ಮೇಲಿತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಗಸ್ ಎದ್ದು, ಕೋಟಿನ ಜೇಬಿಗೆ ಕೈ ಹಾಕಿ, ಒಂದು ಬಿಲ್ಲೆ ತೆಗೆದು ಅದರ ಮೇಲೆ ಅಂಟಿಸಿದ. ಬ್ರೂಸಾರ್.

"ಎರಡನೇ ಸುತ್ತಲ್ಲಾ?" ಎಂದು ಯಾರೋ ಕೇಳಿದರು.

"ವೆಂಡೆಲ್ ಮುಂದೆ ಅವನು ಬೇಕಂತ ಆ ಚೆಂಡು ಬೀಳಿಸಿದ್ದಿದ್ರೆ ಮೂರನೇದಕ್ಕೆ ಸಿಗ್ತಿದ್ದ," ಎಂದ ಗಸ್. "ಆದ್ರೆ ನಾನು ತಗೋತಿರ್ಲಿಲ್ಲ." ಆಮೇಲೆ ಫೋನಿನಲ್ಲಿ ನಂಬರು ಒತ್ತಿ, ರಿಸೀವರನ್ನು ರೂಫಸ್‌ನ ಕಡೆ ಚಾಚಿದ. "ನಿನ್ ಹುಡುಗ. ನೀನೇ ಹೇಳು."

ರೂಫಸ್ ಫೋನು ಹಿಡಿದ. ಆ ಕಡೆ ಎತ್ತಿದ್ದು ಯೂಲಾ ಅಜ್ಜಿ. ಅವಳ ಧ್ವನಿ ಕೋಣೆಗೆಲ್ಲ ಕೇಳಿಸುವಷ್ಟು ದೊಡ್ಡದು.

"ಯಾರು?"

"ಯೂಲಾ ಅಮ್ಮ, ನಾನು ರೂಫಸ್. ನಿಮ್ ಹುಡುಗನ್ನ ನಾವ್ ತಗೊಂಡ್ವಿ. ಈಗ್ಲೇ. ಎರಡನೇ ಸುತ್ತಲ್ಲೇ."

"ರೂಫಸ್," ಎಂದಳು ಅಜ್ಜಿ, "ನೀನ್ ಹೇಳಿದ್ದ ನಾನ್ ನಂಬಕ್ಕಿಲ್ಲ ಕಣಪ್ಪ. ಆ ಹೆಣ್ಮಗಳು ಇದ್ರೆ ಕೊಡು."

ಕೋಣೆಯೆಲ್ಲ ನಕ್ಕಿತು. ಗಸ್ ಕೂಡ ನಕ್ಕ, ನಾನು ನೋಡಿದೆ. ರೂಫಸ್ ಫೋನನ್ನು ನನ್ನ ಕೈಗಿಟ್ಟ.

"ನಿಜ ಅಜ್ಜಿ," ಎಂದೆ. "ಲಿಯಾಂಡರ್ ನಮ್ಮವನು."

ಆ ಕಡೆ ಮೊದಲು ಒಂದು ಕೂಗು, ಆಮೇಲೆ ಮನೆಯೇ ಎದ್ದು ಕುಣಿದಂಥ ಗದ್ದಲ. ಫೋನನ್ನು ಅವಳು ಎಲ್ಲೋ ಎಸೆದಿರಬೇಕು, ಇಡಲಂತೂ ಇಲ್ಲ. ರೂಫಸ್ ನನ್ನ ಎದುರು ನಿಂತಿದ್ದ. ಕಣ್ಣೀರು ಗಲ್ಲದ ಮೇಲಿಂದ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ನಂಬಿದ್ಲಾ?" ಎಂದ.

"ನಂಬಿದ್ಲು ಕಣೋ."

ಅವನು ನನ್ನ ಕೈಯಿಂದ ಫೋನು ಇಸಿದುಕೊಂಡು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡ. ಆ ಕಡೆ ಅವನೊಡನೆ ಮಾತಾಡುವವರು ಯಾರೂ ಇರಲಿಲ್ಲ. ಮೂರನೆಯ ಸುತ್ತು ಶುರುವಾದಾಗಲೂ ಅವನು ಹಾಗೇ ನಿಂತು ಆ ಮನೆಯ ಗದ್ದಲವನ್ನು ಕೇಳಿಸಿಕೊಳ್ಳುತ್ತಿದ್ದ.